ಕೋಬಿ ತೊಳದು ಹೆಚ್ಚಬೇಕೋ, ಹೆಚ್ಚಿ ತೊಳೀಬೇಕೋ?

ಟಿಳಕವಾಡಿ ಟಿಫಿನ್ (ಬೆಳಗಾವಿ)

ಎಲ್ಲಾರಿಗೂ ಶರಣ್ರಿ. ಪ್ರಶ್ನಿ ಸಣ್ಣದು, ಆದ್ರ ನಮ್ಮ ಮನ್ಯಾಗ ಇದಕ್ಕ ನಾಕ ಮಂದಿ ನಾಕ ಉತ್ತರ ಕೊಡಾಕತ್ತಾರ.

ಈಗ ಪ್ಯಾಟ್ಯಾಗ ಕೋಬಿ (ಎಲೆಕೋಸು) ಛಲೋ ಬರಾಕತ್ತಾವ, ರೇಟೂ ಇಳದೈತಿ. ನಾ ಗಡ್ಡಿನ ಇಡೀದಾಗೇ ನಳದ ಕೆಳಗ ಹಿಡದು ತೊಳದು, ಸಣ್ಣಗ ಹೆಚ್ಚಿ ಒಗ್ಗರಣಿಗೆ ಹಾಕತೀನಿ. ಅತ್ತಿಯಾರು ಹೆಚ್ಚಿದ ಮ್ಯಾಲ ಉಪ್ಪುನೀರಾಗ ನೆನಿಸಿಡು ಅಂತಾರ. ನಮ್ಮನೆಯವ್ರು ಕುದಿಯೋ ನೀರಾಗ ಹಾಕಿ ತಗೀ, ಆ ನೀರು ಚೆಲ್ಲು ಅಂತಾರ. ಅಜ್ಜಿ ಅಂತೂ ಕೋಬಿ ಮನಿಗೇ ತರಬ್ಯಾಡ, ಅದರಾಗಿನ ಹುಳ ಮೆದುಳಿಗೆ ಏರತೈತಿ ಅಂತ ಹಟ ಹಿಡದಾರ.

ಬೆಳಿಗ್ಗೆ ಎಂಟರೊಳಗ ಡಬ್ಬಿ ಕಟ್ಟಬೇಕು, ತಾಸಗಟ್ಟಲೆ ನೆನಿಸಾಕ ನನಗ ಪುರಸೊತ್ತಿಲ್ಲ. ಖರೇನ ಯಾವ್ದು ಸರಿ? ಹುಳದ ವಿಷಯ ಖರೆ ಏನು?

ಶಹಾಪುರ ಮಾವ್ಶಿ (ಬೆಳಗಾವಿ)

ತಂಗಿ, ಇಡೀ ಗಡ್ಡಿ ನಳದ ಕೆಳಗ ಹಿಡದ್ರ ಏನೂ ತೊಳದಂಗ ಆಗೂದಿಲ್ಲವ್ವಾ. ಒಮ್ಮೆ ಬೆಳಕಿನ್ಯಾಗ ಹಿಡದು ನೋಡು. ಕೋಬಿ ಎಲಿ ಮ್ಯಾಲ ಬೂದಿ ಬಳದಂಗ ಮೇಣ ಇರತೈತಿ. ನೀರು ಗುಂಡ ಗುಂಡ ಹನಿಯಾಗಿ ಉರುಳಿ ಕೆಳಗ ಬೀಳತೈತಿ, ಎಲಿ ಒದ್ದೀನೂ ಆಗೂದಿಲ್ಲ. ಒಳಗಿನ ಸಂದಿಗೆ ನೀರು ಹೋಗೋ ಮಾತ ದೂರ.

ನಾ ಮಾಡೋದು ಹೇಳತೀನಿ. ಮ್ಯಾಲಿನ ಎರಡು-ಮೂರು ಒರಟ ಎಲಿ ಕಿತ್ತು ತಗೀತೀನಿ. ಅವು ಸಂತಿಯಾಗ ಹೊಳ್ಳ್ಯಾಡಿ, ಚೀಲದಾಗ ತಿಕ್ಕ್ಯಾಡಿ ಬಂದಿರತಾವ, ಅವಕ್ಕ ಆಸೆ ಪಡಬಾರದು. ಆಮ್ಯಾಲ ಗಡ್ಡಿ ತಿರುವಿ ದೇಟು ನೋಡೋದು. ದೇಟು ಕೊಯ್ದ ಜಾಗ ಬೆಳ್ಳಗ ಹಸಿ ಇದ್ರ ತಾಜಾ. ಅಲ್ಲಿ ತೂತ ಬಿದ್ದು, ತೂತಿನ ಬಾಯಾಗ ಕರಿಹಸರ ಹಿಕ್ಕಿ ರವಾದಂಗ ಕೂತಿದ್ರ ಒಳಗ ಹುಳ ಸಂಸಾರ ಹೂಡೇತಿ ಅಂತ ತಿಳೀಬೇಕು. ಅಂಥಾದ್ದು ಸಂತಿಯಾಗೇ ಬಿಟ್ಟು ಬರೋದು. ಮನಿಗೆ ತಂದು ಬಿಟ್ಟಿದ್ರ ಕೊರದ ಭಾಗ ಪೂರಾ ಕೊಯ್ದು ಒಗದು ಉಳದದ್ದು ನೋಡೋದು.

ಈಳಗಿ ಮ್ಯಾಲ ಗಡ್ಡಿನ ನಾಕ ಹೋಳ ಮಾಡತೀನಿ. ಒಂದೊಂದ ಹೋಳಿಂದ ನಡುವಿನ ದೇಟು ಓರೆಯಾಗಿ ಕೊಯ್ದು ತಗದ್ರ ಎಲಿ ತಾವ ಸಡಲ ಬಿಡತಾವ. ದೊಡ್ಡ ಬೋಗಾಣಿಯಾಗ ನೀರು, ಒಂದು ಹಿಡಿ ಕಲ್ಲುಪ್ಪು. ಎಲಿ ಬಿಡಿಸಿ ಅದರಾಗ ಮುಳುಗಿಸಿ, ಮ್ಯಾಲ ಒಂದು ತಾಟು ಡಬ್ಬ ಹಾಕಿಡತೀನಿ, ಇಲ್ಲಂದ್ರ ತೇಲತಾವ. ಹತ್ತು-ಹದಿನೈದು ನಿಮಿಷ ಸಾಕು. ಅಷ್ಟರಾಗ ಹಿಟ್ಟು ನಾದಿ ಮುಗೀತೈತಿ.

ಈಗ ಇಲ್ಲಿ ಭಾಳ ಮಂದಿ ತಪ್ಪತಾರ: ಬೋಗಾಣಿ ಹಂಗ ಎತ್ತಿ ಚಾಳಣಿಗೆ ಬಗ್ಗಸ್ತಾರ. ಕೆಳಗ ಕೂತ ಮಣ್ಣು, ಮ್ಯಾಲ ತೇಲಿದ ಹುಳ ಎಲ್ಲಾ ತಿರಗಿ ಎಲಿ ಮ್ಯಾಲೇ ಬೀಳತಾವ. ಹಂಗ ಮಾಡಬಾರದು. ಎಲೀನ ಕೈಲೆ ಎತ್ತಿ ಬ್ಯಾರೆ ಬುಟ್ಟಿಗೆ ಹಾಕಬೇಕು, ಆ ನೀರು ಆಮ್ಯಾಲ ಚೆಲ್ಲಬೇಕು. ಮುಂದ ಹರಿಯೋ ನೀರಾಗ ಎರಡ ಸಲ, ಎಲಿ ಬುಡದಾಗ ಹೆಬ್ಬೆರಳಲೆ ತಿಕ್ಕಿ ತೊಳಿ. ಬೂದಿಬಣ್ಣದ ಗಿಡದ ಹೇನು ಅಲ್ಲೇ ಅಂಟಿಕೊಂಡಿರತಾವ, ಬರೇ ನೀರು ಸುರವಿದ್ರ ಬಿಡೂದಿಲ್ಲ. ಬಸದು, ಆಮ್ಯಾಲ ಹೆಚ್ಚೋದು.

ನಿಮ್ಮ ಅತ್ತಿಯಾರು ಉಪ್ಪುನೀರು ಅಂದದ್ದು ಸರಿ, ಹೆಚ್ಚಿದ ಮ್ಯಾಲ ಅಂದದ್ದು ಸರಿ ಅಲ್ಲ. ಸಣ್ಣಗ ಹೆಚ್ಚಿ ನೀರಿಗೆ ಹಾಕಿದ್ರ ಕೋಬಿ ಸಿಹಿ ನೀರಿಗೇ ಹೋಗತೈತಿ, ಪಲ್ಯ ಸಪ್ಪಗ ಆಗತೈತಿ. ಆಮ್ಯಾಲ ಮಸಾಲಿ ಎಷ್ಟ ಹಾಕಿದ್ರೂ ಅಷ್ಟ.

ಗೋಲಗುಮ್ಮಟದ ಮಾರ್ದನಿ (ವಿಜಯಪುರ)

ನಮ್ಮ ಗುಮ್ಮಟದಾಗ ಒಂದ ಮಾತು ಏಳು ಸಲ ಕೇಳತೈತಿ. ಕೋಬಿ ಹುಳ ಮೆದುಳಿಗೆ ಹೋಗೋ ಮಾತು ವಾಟ್ಸ್ಯಾಪ್‌ನ್ಯಾಗ ಎಪ್ಪತ್ತ ಸಲ ಕೇಳೇತಿ. ಒಮ್ಮೆ ಕಿವಿಯಿಂದ ಹೋಗತೈತಿ, ಒಮ್ಮೆ ಮೂಗಿನಿಂದ. ಪಾಪ ಆ ಹುಳಕ್ಕೂ ದಾರಿ ತಿಳೀವಲ್ದು.

ಜಮಖಂಡಿ ಕಾಕಾ (ಬಾಗಲಕೋಟಿ ಜಿಲ್ಲಾ)

ನಗಬ್ಯಾಡ್ರಿ ತಮ್ಮಾ. ನಮ್ಮ ಬೀಗರ ಪೈಕಿ ಒಬ್ಬ ಹುಡುಗಗ ಫಿಟ್ಸ್ ಬಂದು ತಲಿ ಸ್ಕ್ಯಾನ್ ಮಾಡಿಸಿದ್ರು. ಮೆದುಳಿನ್ಯಾಗ ಹುಳದ ಗಂಟ ಐತಿ ಅಂತ ಡಾಕ್ಟರ್ರೇ ಹೇಳ್ಯಾರ. ಮಾಂಸ ಮುಟ್ಟದ ಮನಿತನ ಅವ್ರದು. ಕೋಬಿ ಬಿಟ್ರ ಮತ್ತೆಲ್ಲಿಂದ ಬರಬೇಕು? ಅವತ್ತಿನಿಂದ ನಮ್ಮ ಮನ್ಯಾಗ ಕೋಬಿ ಬಂದ್.

ಬಿಳಿಕೋಟು ಲ್ಯಾಬ್ (ವಿಜಯಪುರ)

ಕಾಕಾ, ಡಾಕ್ಟರ್ ಹೇಳಿದ ರೋಗ ಖರೆ. ಅದಕ್ಕ ಕೋಬಿ ಒಂದನ್ನ ಹಿಡದು ಶಿಕ್ಷೆ ಕೊಡೋದು ಸರಿ ಅಲ್ಲ. ನಾ ಲ್ಯಾಬಿನ್ಯಾಗ ಕೆಲಸ ಮಾಡಾಂವ, ಅದಕ್ಕ ಚೂರು ಬಿಡಿಸಿ ಬರೀತೀನಿ. ಉದ್ದ ಆದ್ರ ಸಹಿಸಿಕೋರಿ.

ಈ ಮಾತಿನ್ಯಾಗ ಎರಡು ಬ್ಯಾರೆ ಬ್ಯಾರೆ ಹುಳ ಕೂಡಿ ಒಂದಾಗ್ಯಾವ.

ಕೋಬಿ ಎಲಿ ತಿನ್ನೋ ಹಸರ ಹುಳ ಅಂದ್ರ ಪತಂಗದ ಮರಿ. ಅದಕ್ಕ ಬೇಕಾದ್ದು ಎಲಿ, ಮನಷ್ಯಾರ ಮೈ ಅಲ್ಲ. ಅಪ್ಪಿತಪ್ಪಿ ಪಲ್ಯದಾಗ ಬಂದು ಹೊಟ್ಟಿಗೆ ಹೋದ್ರ ಹೇಸಿಗಿ ಅನಸತೈತಿ, ಅಷ್ಟ. ಪಲ್ಯ ಅರಗಿದಂಗ ಅದೂ ಅರಗತೈತಿ.

ಮೆದುಳಿನ್ಯಾಗ ಗಂಟ ಮಾಡೋದು ಹಂದಿ ಲಾಡಿಹುಳ, ಟೀನಿಯಾ ಸೋಲಿಯಂ. ಗಂಟಿನ ರೋಗಕ್ಕ ನ್ಯೂರೋಸಿಸ್ಟಿಸರ್ಕೋಸಿಸ್ ಅಂತಾರ. ಇದು ಬರೋದು ಹುಳ ತಿಂದು ಅಲ್ಲ, ಆ ಹುಳದ ತತ್ತಿ ಹೊಟ್ಟಿಗೆ ಹೋಗಿ. ತತ್ತಿ ಅಳತಿ 30ರಿಂದ 40 ಮೈಕ್ರಾನ್, ತಲಿಕೂದಲಿನ ದಪ್ಪದ ಅರ್ಧ ಅಂದ್ಕೋರಿ. ಯಾವ ಚಷ್ಮಾ ಹಾಕಿದ್ರೂ ಕಾಣೂದಿಲ್ಲ. ತತ್ತಿ ಕರುಳಿನ್ಯಾಗ ಒಡದು, ಮರಿ ರಕ್ತಕ್ಕ ಸೇರಿ, ಮಾಂಸಖಂಡಕ್ಕೋ ಕಣ್ಣಿಗೋ ಮೆದುಳಿಗೋ ಹೋಗಿ ಕೂಡತೈತಿ. ಈ ಹುಳ ಬೇರೂರಿದ ಎಷ್ಟೋ ಪ್ರದೇಶದಾಗ ಮೂರ್ಛೆರೋಗದ 30 ಪರ್ಸೆಂಟ್ ಪ್ರಕರಣಕ್ಕ ಇದೇ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತೈತಿ. ಅಂದ್ರ ಅಜ್ಜಿಯವರ ಅಂಜಿಕಿ ಬುಡ ಇಲ್ಲದ್ದು ಅಲ್ಲ.

ತತ್ತಿ ಎಲ್ಲಿಂದ ಬಂತು? ಲಾಡಿಹುಳ ಹೊಟ್ಟ್ಯಾಗಿರೋ ಮನಷ್ಯಾನ ಮಲದಿಂದ. ಬಯಲಕಡಿ ಹೋದ ಜಾಗ, ಗಟಾರ ನೀರು ಹಾಯಿಸಿದ ಹೊಲ, ಶೌಚಕ್ಕ ಹೋಗಿ ಸಾಬಾನಿಲೆ ಕೈ ತೊಳಿಯದ ಅಡಗಿಯವ, ಈ ಮೂರೂ ದಾರಿ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನ್ಯಾಗ ದೊಡ್ಡ ಹುಳ ಬೆಳೀತೈತಿ. ಅವರು ಬಿಟ್ಟ ತತ್ತಿ ಬ್ಯಾರೆಯವರ ಬಾಯಿಗೆ ಹೋದಾಗ ಮೆದುಳಿನ ರೋಗ ಬರತೈತಿ. ಅದಕ್ಕ ಮಾಂಸ ಮುಟ್ಟದ ಮನಿಯವರಿಗೂ ಬರತೈತಿ ಕಾಕಾ. ಕೋಬಿ ಬಿಟ್ಟು, ಅದೇ ಮಣ್ಣಿನ ಕೊತಂಬ್ರಿ, ಮೂಲಂಗಿ, ಗಜ್ಜರಿ ಹಸೀನ ತಿಂದ್ರ ಉಪಯೋಗ ಏನು?

ಇನ್ನು ತೊಳಿಯೋ ವಿಷಯ. ಉಪ್ಪುನೀರಿಗೆ ಹಸರ ಹುಳ ಹೊರಗ ಬರತೈತಿ, ಆದ್ರ ಉಪ್ಪು ಆಗಲಿ ಅರಿಷಿಣ ಆಗಲಿ ಲಾಡಿಹುಳದ ತತ್ತಿ ಕೊಲ್ಲತೈತಿ ಅಂತ ನಂಬಬ್ಯಾಡ್ರಿ. ತತ್ತಿ ಹೋಗೋದು ಎರಡರಿಂದ. ಹರಿಯೋ ನೀರಾಗ ಎಲಿ ಎಲಿ ತಿಕ್ಕಿ ತೊಳದ್ರ ಜಾರಿ ಹೋಗಿ ಕಡಿಮಿ ಆಗತಾವ. ಉಳದವು ಬೆಂಕಿಗೆ ಸಾಯತಾವ. ಪೂರಾ ಬಿಸಿ ಹತ್ತಿ ಬೆಂದ ಪಲ್ಯಕ್ಕ ಅಂಜಬೇಕಾಗಿಲ್ಲ. ಅಂಜಬೇಕಾದ್ದು ತೊಳಿಯದ ಹಸೀ ಎಲಿಗೆ.

ಜಮಖಂಡಿ ಕಾಕಾ

ಇಷ್ಟ ಬಿಡಿಸಿ ನಮಗ ಯಾರೂ ಹೇಳಿರಲಿಲ್ಲ. ಪಲ್ಯ ಮಾಡಾಕ ಹೇಳತೀನಿ. ಹಸೀದು ಮಾತ್ರ ನಾ ತಿನ್ನಾಂವ ಅಲ್ಲ.

ಹಾಸ್ಟೆಲ್ ಹುಕ್ಕೇರಿ (ಬೆಳಗಾವಿ)

ಹಂಗಾದ್ರ ಗಾಡಿ ಮ್ಯಾಗ ಎಗ್ ರೈಸ್ ಮ್ಯಾಲ ಉದರಸೋ ಹಸೀ ಕೋಬಿ? ನಾವು ದಿನಾ ಅದನ್ನ ತಿಂದು ಪರೀಕ್ಷಾ ಬರಿಯಾಕತ್ತೀವಿ ಅಣ್ಣಾ.

ಬಿಳಿಕೋಟು ಲ್ಯಾಬ್

ತಮ್ಮಾ, "ಹಸೀದು ಬ್ಯಾಡ, ಬಾಣಲಿಯಾಗ ಕೂಡೇ ಹಾಕಿ ಹುರೀರಿ" ಅಂತ ಹೇಳು. ಅದಕ್ಕೇನು ಜಾಸ್ತಿ ರೊಕ್ಕ ಕೇಳೂದಿಲ್ಲ.

ಬಾಗಲಕೋಟಿ ಬಿಸಿರೊಟ್ಟಿ (ನವನಗರ)

ನಾ ಖಾನಾವಳಿ ನಡಸಾಂವ. ಇಲ್ಲಿ ಮನಿ ಲೆಕ್ಕದಾಗ ಮಾತಾಡಾಕತ್ತೀರಿ, ಮೂಟಿ ಲೆಕ್ಕದಾಗ ಹೆಂಗ ಮಾಡತಾರ ಅಂತ ಹೇಳತೀನಿ.

ಮೂಟಿ ಬಿಚ್ಚಿದ ಕೂಡಲೇ ಮೊದಲ ಕೆಲಸ ಗಡ್ಡಿ ತೂಗಿ ನೋಡೋದು, ತಕ್ಕಡಿಯಾಗಲ್ಲ, ಅಂಗೈ ಮ್ಯಾಲ. ಗಾತ್ರ ಒಂದ ಇದ್ರೂ ಕೆಲವು ಹಗೂರ ಇರತಾವ. ಹಗೂರ ಇದ್ದದ್ದು ಒಳಗ ಸಡಲ, ಸಂದಿ ಜಾಸ್ತಿ, ಹೊಲಸೂ ಜಾಸ್ತಿ. ಅಂಥಾದ್ದನ್ನ ಎಲಿ ಬಿಡಿಸಿ ತೊಳ್ಯಾಕ ಒಬ್ಬನ್ನ ಕೂಡಸ್ತೀನಿ. ಗಟ್ಟಿ ಗಡ್ಡಿ ನಾಕ ಹೋಳ ಮಾಡಿದ್ರ ಸಾಕು. ಮಳಿಗಾಲದ ಮಾಲಿಗೆ ಕೆಳಗಿನ ಎಲಿಯಾಗ ಕೆಸರು ಸಿಡದಿರತೈತಿ, ಆಗ ದೇಟಿನ ಸುತ್ತ ಜಾಸ್ತಿ ಕೊಯ್ದು ಒಗೀಬೇಕು.

ಮೂರು ಟಬ್. ಒಂದರಾಗ ಉಪ್ಪುನೀರು, ಎರಡರಾಗ ಸಾದಾ ನೀರು. ಎಲಿ ಟಬ್ಬಿನಿಂದ ಟಬ್ಬಿಗೆ ಹೋಗಬೇಕು, ನೀರು ಹಿಂದ ಬರಬಾರದು. ಉಪ್ಪಿನ ಟಬ್ಬಿನ ನೀರು ರಾಡಿ ಆದ ಕೂಡಲೇ ಬದಲಿ. ಆ ನೀರಾಗೇ ಮಧ್ಯಾಹ್ನದವರೆಗೂ ತೊಳೀತೀನಿ ಅಂದ್ರ ಅದು ತೊಳದಂಗ ಅಲ್ಲ, ಹೊಲಸು ಹಂಚಿದಂಗ. ಹಲಗಿ, ಚಾಕು ಕೂಡ ತೊಳದ ಎಲಿ ಬರೋಕಿಂತ ಮೊದಲ ತೊಳದಿರಬೇಕು. ಇದನ್ನ ಯಾರೂ ಮಾಡೂದಿಲ್ಲ, ಮಣ್ಣಿನ ಗಡ್ಡಿ ಕೊಯ್ದ ಹಲಗಿ ಮ್ಯಾಲೇ ತೊಳದ ಎಲಿ ಹೆಚ್ಚತಾರ.

ಕುದಿಯೋ ನೀರಿನ ಬಗ್ಗೆ: ಪಲ್ಯಕ್ಕ ಬ್ಯಾಡ್ರಿ. ಮುಂದ ಹೆಂಗೂ ಬೇಯತೈತಿ, ಎರಡ ಸಲ ಯಾಕ ಬೇಯಿಸಬೇಕು? ಕೋಬಿ ಜಾಸ್ತಿ ಹೊತ್ತು ಕುದ್ದಷ್ಟೂ ಗಂಧಕದ ವಾಸನಿ ಏಳತೈತಿ, ಇಡೀ ಓಣಿಗೆ ಗೊತ್ತಾಗತೈತಿ. ಲಗೂನ, ದೊಡ್ಡ ಉರಿಯಾಗ ಪೂರಾ ಬಿಸಿ ಹತ್ತಿಸಿ, ಮೆತ್ತಗಾಗಿ ಹೋಗೋಕಿಂತ ಮೊದಲ ಇಳಸಬೇಕು.

ಮಂಚೂರಿ ಕೇಳಾಕ ಬರತಾರ. ಕೋಬಿ ಮಂಚೂರಿ ಮಾಡತೀನಿ, ಕೆಂಪು ಬಣ್ಣ ಹಾಕೂದಿಲ್ಲ. 2024ರ ಮಾರ್ಚ್‌ನ್ಯಾಗ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ ಬಂದ್ ಮಾಡಿದ್ದು ಛಲೋ ಆತು. ಬ್ಯಾಡಗಿ ಮೆಣಸಿನಕಾಯಿ ನೆನಿಸಿ ರುಬ್ಬಿ ಹಾಕ್ರಿ, ಬಣ್ಣ ತಾನ ಬರತೈತಿ. ಆದ್ರೂ "ಕೆಂಪಗಿಲ್ಲ" ಅಂತ ತಾಟು ಹಿಂದ ಕೊಟ್ಟವರೂ ಅದಾರ.

ಕಡೋಲಿ ಹೊಲದಾಂವ (ಬೆಳಗಾವಿ ತಾಲೂಕ)

ಎಲ್ಲಾರೂ ತಿನ್ನೋರ ಕಡಿಯಿಂದ ಮಾತಾಡಿದ್ರಿ. ಬೆಳಿಯಾಂವಂದೂ ಒಂದ ಮಾತು ಕೇಳ್ರಿ. ಹುಳ ಕಂಡ್ರ "ಹುಳಕ ಮಾಲು" ಅಂತ ರೇಟ್ ಕಡೀತೀರಿ. ಹುಳ ಇಲ್ಲದಂಗ ಮಾಡಿದ್ರ "ವಿಷ ಹೊಡದಾರ" ಅಂತೀರಿ. ಗೋವಾಕ್ಕ ಹೋಗೋ ಗಾಡಿಗೆ ಒಂದು ತೂತ ಬಿದ್ದ ಗಡ್ಡಿ ನಡಿಯೂದಿಲ್ಲ.

ನಮಗ ದೊಡ್ಡ ವೈರಿ ವಜ್ರಬೆನ್ನಿನ ಪತಂಗ, ಡೈಮಂಡ್‌ಬ್ಯಾಕ್ ಅಂತಾರಲ್ಲ ಅದು. ರೆಕ್ಕಿ ಮಡಚಿ ಕೂತಾಗ ಬೆನ್ನ ಮ್ಯಾಲ ವಜ್ರದ ಆಕಾರ ಸಾಲಾಗಿ ಕಾಣತಾವ. ಅದರ ಮರಿ ಗೇಣು ಗಾತ್ರದ್ದಲ್ಲ, ಅಕ್ಕಿಕಾಳಿಗಿಂತ ಚೂರು ಉದ್ದ, ತಿಳಿಹಸರ. ಬೆರಳಲೆ ಮುಟ್ಟಿದ್ರ ಹಿಂದ ಹಿಂದ ಹೊಳ್ಳ್ಯಾಡಕೋತ ಎಲಿ ಬಿಟ್ಟು ನೂಲ ಹಿಡದು ಜೋತ ಬೀಳತೈತಿ. ಸಣ್ಣದಿದ್ದಾಗ ಎಲಿ ಪೂರಾ ತಿನ್ನೂದಿಲ್ಲ, ಒಂದ ಪೊರಿ ಉಳಿಸಿ ಕೆರೀತೈತಿ. ಎಲಿ ಮ್ಯಾಲ ಕಿಡಕಿ ಗಾಜಿನಂಥ ಚುಕ್ಕಿ ಕಂಡ್ರ ಅದರ ಕೆಲಸ ಅಂತ ತಿಳೀರಿ. ಈ ಹುಳಕ್ಕ ಎಷ್ಟೋ ಔಷಧ ಈಗ ನಾಟೂದಿಲ್ಲ, ಒಂದನ್ನೇ ಹೊಡದು ಹೊಡದು ಅದು ಗಟ್ಟಿಯಾಗಿ ಕೂತೈತಿ.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಒಂದ ಉಪಾಯ ಹೇಳ್ಯಾರ. 25 ಸಾಲು ಕೋಬಿಗೆ 2 ಸಾಲು ಸಾಸಿವಿ. ಒಂದು ಸಾಲು ಕೋಬಿ ಹಚ್ಚೋಕಿಂತ 15 ದಿನ ಮೊದಲ, ಇನ್ನೊಂದು ಹಚ್ಚಿದ 25 ದಿನಕ್ಕ ಬಿತ್ತಬೇಕು. ಪತಂಗಕ್ಕ ಕೋಬಿಗಿಂತ ಸಾಸಿವಿ ಮ್ಯಾಲ ಆಸೆ ಜಾಸ್ತಿ, ಅಲ್ಲೇ ತತ್ತಿ ಇಡತೈತಿ. ಔಷಧ ಸಾಸಿವಿಗೆ ಹೊಡದ್ರ ಆತು. ಕೋಬಿಗೆ ಬೇಕಂದ್ರ 4 ಪರ್ಸೆಂಟ್ ಬೇವಿನಬೀಜದ ಕಷಾಯ. ನಾ ಹಚ್ಚೀನಿ, ಸಾಸಿವಿ ಸಾಲ ಹಳದಿಯಾಗಿ ಅಗದೀ ಚಂದ ಕಾಣತೈತಿ, ಹುಳ ಕಮ್ಮಿ ಆಗತಾವ. ಪೂರಾ ಹೋಗತಾವ ಅಂತ ಹೇಳಾಂವ ಅಲ್ಲ.

ತೊಳ್ಯಾವರಿಗೆ ಉಪಯೋಗ ಆಗೋ ಮಾತು ಇಷ್ಟ. ಕೋಬಿ ಗಡ್ಡಿ ಒಳಗಿನಿಂದ ತುಂಬಕೋತ ಬರತೈತಿ. ಹೊಸ ಎಲಿ ಒಳಗ ಹುಟ್ಟತಾವ, ಹಳೀವು ಹೊರಗ ಕವಚ ಆಗತಾವ. ಗಡ್ಡಿ ಕಟ್ಟಿದ ಮ್ಯಾಲ ಹೊಡದ ಔಷಧ ಬಹಳಷ್ಟು ಹೊರಗಿನ ಎಲಿಗೇ ಬೀಳತೈತಿ. ಅದಕ್ಕ ಮಾವ್ಶಿ ಹೇಳಿದಂಗ ಮ್ಯಾಲಿನ ಎಲಿ ಒಗೀರಿ, ಅರ್ಧಾ ಕೆಲಸ ಆತು. ಆದ್ರ ಗಿಡದ ರಸದಾಗ ಇಳದು ಒಳಗ ಹರಡೋ ಅಂತರವ್ಯಾಪಿ ಔಷಧ ಬ್ಯಾರೆ. ಅದನ್ನ ಯಾವ ನೀರೂ ತೊಳಿಯೂದಿಲ್ಲ. ಅದಕ್ಕ ರೈತ ಡಬ್ಬಿ ಮ್ಯಾಲ ಬರದಷ್ಟು ದಿನ ಕಾದು ಕೊಯ್ಯಬೇಕು. ರೇಟ್ ಏರಿದ ವಾರ ಎಲ್ಲಾರೂ ಕಾಯತಾರ ಅಂತ ನಾ ಆಣಿ ಮಾಡೂದಿಲ್ಲ.

ಗೋಲಗುಮ್ಮಟದ ಮಾರ್ದನಿ

ಖರೆ ಹೇಳಿದ್ರಿ ಅಣ್ಣಾರ. ನಾ ಇನ್ನ ಮ್ಯಾಲ ಒಂದ ತೂತ ಇದ್ದ ಗಡ್ಡೀನ ಆರಿಸಿ ತರತೀನಿ. ಹುಳ ತಿಂದು ಬದುಕಿದ್ದು ನಮಗೂ ನಡೀತೈತಿ.

ಕಡೋಲಿ ಹೊಲದಾಂವ

ಅದೂ ಪಕ್ಕಾ ಲೆಕ್ಕ ಅಲ್ರಿ. ಹುಳ ತೂತ ಮಾಡಿದ್ದು ನೋಡೇ ಮರುದಿನ ಔಷಧ ಹೊಡದಿರತಾರ.

ಟಿಳಕವಾಡಿ ಟಿಫಿನ್

ಮಾವ್ಶಿ ಹೇಳಿದಂಗ ಮಾಡಿದೆ. ಉಪ್ಪುನೀರಿನ ಮ್ಯಾಲ ಹಸರ ಹುಳ ತೇಲಿ ಬಂದವು, ಅತ್ತಿಯಾರು "ನೋಡು, ನಾ ಹೇಳಿರಲಿಲ್ಲಾ" ಅಂತ ಪಕ್ಕದ ಮನಿಯವರನ್ನೂ ಕರದು ತೋರಿಸಿದ್ರು. ಅಜ್ಜಿಗೆ ಲ್ಯಾಬ್ ಅಣ್ಣಾರ ಬರದದ್ದು ಓದಿ ಹೇಳೀನಿ. "ಮಲದಿಂದ" ಅಂದ ಕೂಡಲೇ ಊಟಕ್ಕ ಕೂತವರು ಎದ್ದ ಹೋದ್ರು, ಆದ್ರ ರಾತ್ರಿ ಪಲ್ಯ ಹಾಕಿಸ್ಕೊಂಡ್ರು.

ಇನ್ನ ಮೂರು ಸಂಶೆ. ಒಂದು, ನಮ್ಮ ಓಣಿಯಾಗ ಕೆಲವರು ಅಡಗಿ ಸೋಡಾ ಹಾಕಿ ತೊಳೀತಾರ, ಕೆಲವರು ವಿನೆಗರ್. ಯಾವ್ದು ಬೇಕು? ಎರಡು, ಒಳಗಿನ ಬಿಳಿ ಎಲಿ ಮ್ಯಾಲ ಸಾಸಿವಿಗಿಂತ ಸಣ್ಣ ಕರಿ ಚುಕ್ಕಿ ಇದ್ದವು, ತಿಕ್ಕಿದ್ರೂ ಹೋಗಲಿಲ್ಲ. ಮೂರು, ನಾದಿನಿಗೆ ಥೈರಾಯ್ಡ್ ಐತಿ, ಕೋಬಿ ತಿನ್ನಬಾರದು ಅಂತಾರಲ್ಲ?

ಬಿಳಿಕೋಟು ಲ್ಯಾಬ್

ಸೋಡಾದ ಬಗ್ಗೆ 2017ರಾಗ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬುಹಣ್ಣಿನ ಮ್ಯಾಲ ಪರೀಕ್ಷಾ ಮಾಡ್ಯಾರ. 1 ಪರ್ಸೆಂಟ್ ಸೋಡಾ ನೀರಾಗ 12-15 ನಿಮಿಷ ಇಟ್ರ ಸಿಪ್ಪಿ ಮ್ಯಾಲಿನ ಎರಡು ಔಷಧ ಹೋದವು, ಒಳಗ ಇಳದದ್ದು ಹೋಗಲಿಲ್ಲ. ಅದು ಸೇಬು, ಇದು ಕೋಬಿ. ಸೇಬಿಗೆ ಸಿಪ್ಪಿ ಒಂದ, ಕೋಬಿಗೆ ಹೊರಗಿನ ಎಲಿ ನಾವ ಕಿತ್ತು ಒಗೀತೀವಿ. ಹಾಕಿದ್ರ ಲೀಟರ್ ನೀರಿಗೆ ಎರಡ ಸಣ್ಣ ಚಮಚ ಸೋಡಾ ಹಾಕ್ರಿ, ಆಮ್ಯಾಲ ಛಲೋತ್ನ್ಯಾಗ ತೊಳೀರಿ. ನೇರಳಿ ಕೋಬಿಗೆ ಹಾಕಿ ಎಲಿ ನೀಲಿ ಆತು ಅಂತ ಗಾಬರಿ ಆಗಬ್ಯಾಡ್ರಿ, ಅದರ ಬಣ್ಣದ ಗುಣಾನ ಹಂಗ. ವಿನೆಗರಿಗೂ ಹುಳ ಹೊರಗ ಬರತಾವ, ಉಪ್ಪಿನಷ್ಟ, ರೊಕ್ಕ ಜಾಸ್ತಿ. ಸಾಬಾನು, ಭಾಂಡೆ ತಿಕ್ಕೋ ಪುಡಿ ಮಾತ್ರ ಎಂದೂ ಹಾಕಬ್ಯಾಡ್ರಿ, ಸಂದಿಯಾಗ ಕೂತದ್ದು ಹೊಟ್ಟಿಗೇ ಹೋಗತೈತಿ.

ಥೈರಾಯ್ಡ್: ಕೋಬಿಯಾಗಿನ ಕೆಲವು ಪದಾರ್ಥ ಥೈರಾಯ್ಡ್ ಗ್ರಂಥಿ ಅಯೋಡಿನ್ ತಗೊಳ್ಳೋದಕ್ಕ ಅಡ್ಡ ಬರತಾವ, ಹಸೀದು ರಾಶಿಗಟ್ಟಲೆ ತಿಂದ್ರ. ಬೇಯಿಸಿದ್ರ ಭಾಳಷ್ಟು ಕಡಿಮಿ ಆಗತಾವ. ಅಯೋಡಿನ್ ಉಪ್ಪು ಬಳಸೋ ಮನ್ಯಾಗ ವಾರಕ್ಕ ಒಂದೆರಡ ಸಲ ಬೇಯಿಸಿದ ಪಲ್ಯಕ್ಕ ಅಡ್ಡಿ ಇರೂದಿಲ್ಲ, ಆದ್ರೂ ಅವರ ಡಾಕ್ಟರ್ರನ್ನ ಒಂದ ಮಾತು ಕೇಳ್ರಿ. ಥೈರಾಯ್ಡ್‌ಗಿಂತ ನಾ ಜಾಸ್ತಿ ಎಚ್ಚರ ಹೇಳೋದು ವಾರ್ಫರಿನ್ ಗುಳಗಿ (ರಕ್ತ ಹೆಪ್ಪುಗಟ್ಟದಂಗ ತಡಿಯೋದು) ತಗೊಳ್ಳೋರಿಗೆ. ಕೋಬಿಯಾಗ ಕೆ ಜೀವಸತ್ವ ಐತಿ, ಅದು ಆ ಗುಳಗಿ ಕೆಲಸಕ್ಕ ಎದುರು. ಒಂದ ವಾರ ದಿನಾ ತಿಂದು ಮುಂದಿನ ವಾರ ಪೂರಾ ಬಿಡೋದು ಮಾಡಬಾರದು.

ಕಡೋಲಿ ಹೊಲದಾಂವ

ಕರಿ ಚುಕ್ಕಿ ಬಗ್ಗೆ ನಾ ಹೇಳತೀನಿ. ಒಳಗಿನ ಎಲಿ ಮ್ಯಾಲ ಕರಿಮೆಣಸಿನ ಪುಡಿ ಉದರಿಸಿದಂಗ ಸಣ್ಣ ಚುಕ್ಕಿ, ಎಲಿ ಗರಿಗರಿ ಇದ್ದು ವಾಸನಿ ಇಲ್ಲಂದ್ರ ಅದು ಬೂಷ್ಟಲ್ಲ. ಗಿಡಕ್ಕ ಆದ ತ್ರಾಸಿಗೆ, ಇಲ್ಲಾ ಥಂಡಿಯಾಗ ಭಾಳ ದಿನ ಇಟ್ಟದ್ದಕ್ಕ ಬರತೈತಿ. ಆ ಎಲಿ ತಗದು ಉಳದದ್ದು ತಿನ್ರಿ. ಎಲಿ ಅಂಚಿನಿಂದ ಒಳಮುಖ ಹಳದಿ ತ್ರಿಕೋನ, ಅದರಾಗಿನ ನರ ಕರ್ರಗ ಇದ್ರ ಅದು ಕಪ್ಪು ಕೊಳಿರೋಗ. ಮನಷ್ಯಾರಿಗೆ ಅಂಟೂದಲ್ಲ, ಆದ್ರ ಅಂಥಾ ಗಡ್ಡಿ ದೇಟಿನೊಳಗ ಕೊಳತಿರತೈತಿ, ಗಬ್ಬ ನಾರತೈತಿ. ಅದನ್ನ ಪೂರಾ ಒಗೀರಿ.

ಶಹಾಪುರ ಮಾವ್ಶಿ

ಎಲ್ಲಾ ತೊಳಿಯೋದ್ರಾಗ ಮುಗಿಸಿದ್ರಿ, ಹೆಚ್ಚೋದು ಯಾರೂ ಹೇಳಲಿಲ್ಲ.

ಬಸದ ಎಲಿ ಒಂದರ ಮ್ಯಾಲ ಒಂದ ಜೋಡಿಸಿ ಸುರುಳಿ ಸುತ್ತಿ ಈಳಗಿ ಮ್ಯಾಲ ಎಳದ್ರ ನೂಲಿನಂಗ ಬರತೈತಿ. ದಪ್ಪ ನರ ಬ್ಯಾರೆ ತಗದು ಸಣ್ಣ ಚೂರು ಮಾಡಿ ಮೊದಲ ಬೇಯಾಕ ಹಾಕಬೇಕು, ಇಲ್ಲಂದ್ರ ಎಲಿ ಮೆತ್ತಗಾಗಿ ನರ ಹಸೀನ ಉಳೀತಾವ. ನಡುವಿನ ದೇಟೂ ಒಗೀಬ್ಯಾಡ್ರಿ. ಮ್ಯಾಲಿನ ನಾರು ಹೆರದು ಕಾಯಿಪಲ್ಲೆ ಸಾರಿಗೆ ಹಾಕ್ರಿ, ಗಡ್ಡಿಕೋಸಿನ ರುಚಿ.

ಪಲ್ಯಕ್ಕ ಸಾಸಿವಿ, ಜೀರಗಿ, ಕರಿಬೇವು, ಜಜ್ಜಿದ ಹಸಿಮೆಣಸಿನಕಾಯಿ ಬಳ್ಳೊಳ್ಳಿ. ನೆನಿಸಿದ ಹೆಸರಬ್ಯಾಳಿ ಒಂದು ಹಿಡಿ ಹಾಕಿ ಎರಡ ನಿಮಿಷ ಕೈಯಾಡಿಸಿ, ಆಮ್ಯಾಲ ಕೋಬಿ. ನೀರು ಹಾಕಬ್ಯಾಡ್ರಿ, ತೊಳದಾಗ ಉಳದ ತೇವ ಸಾಕು. ಉಪ್ಪು ಕಡೀಕ. ಮೊದಲ ಹಾಕಿದ್ರ ನೀರು ಬಿಟ್ಟು ಪಲ್ಯ ಸಾರಾಗತೈತಿ, ಡಬ್ಬಿಯಾಗ ಸೋರತೈತಿ. ಇಳಸೋ ಮುಂದ ಗುರೆಳ್ಳ ಪುಡಿ ಇಲ್ಲಾ ಶೇಂಗಾ ಪುಡಿ. ಜ್ವಾಳದ ರೊಟ್ಟಿಗೆ ಗುರೆಳ್ಳನ ಛಲೋ, ಶೇಂಗಾ ಹಾಕಿದ್ರ ಎಲ್ಲಾ ಪಲ್ಯದ ರುಚಿ ಒಂದ ಆಗತೈತಿ.

ಪಚಡಿ ಬೇಕಂದ್ರ ಜಮಖಂಡಿ ಕಾಕಾರ ಅಂಜಿಕಿಗೆ ಒಂದು ದಾರಿ ಐತಿ. ತೊಳದ ಎಲೀನ ಹೆಚ್ಚೋಕಿಂತ ಮೊದಲ ಕುದಿಯೋ ನೀರಾಗ ಎರಡ ನಿಮಿಷ ಮುಳುಗಿಸಿ ತಗದು, ಕುಡಿಯೋ ತಣ್ಣೀರಿಗೆ ಹಾಕಿ, ಹಿಂಡಿ, ಹೆಚ್ಚಿ ಮೊಸರು ಶೇಂಗಾ ಪುಡಿ ಕಲಸೋದು. ಮಗಳ ಬಸರಿದ್ದಾಗ ನಾ ಹಂಗ ಮಾಡಿ ಕೊಡತಿದ್ದೆ. ಹಸೀದರ ಕರಕುರ ಇರೂದಿಲ್ಲ ಖರೆ.

ಬಾಗಲಕೋಟಿ ಬಿಸಿರೊಟ್ಟಿ

ಮಾವ್ಶಿ, ಗುರೆಳ್ಳು-ಶೇಂಗಾ ಮಾತಿಗೆ ನಂದು ತಕರಾರ ಐತಿ. ನಮ್ಮ ಗಿರಾಕಿ ಶೇಂಗಾ ಪುಡಿ ಇಲ್ಲಂದ್ರ ತಾಟ ಮುಟ್ಟೂದಿಲ್ಲ.

ಶಹಾಪುರ ಮಾವ್ಶಿ

ಅವರಿಗೆ ನೀವ ರೂಢಿ ಮಾಡಿಸೀರಿ.

ಟಿಳಕವಾಡಿ ಟಿಫಿನ್

ರಾತ್ರೀನ ತೊಳದು ಹೆಚ್ಚಿ ಫ್ರಿಜ್ಜಿನ್ಯಾಗ ಇಟ್ರ ಮುಂಜಾನೆ ನಡೀತೈತೇನ್ರಿ?

ಬಾಗಲಕೋಟಿ ಬಿಸಿರೊಟ್ಟಿ

ಒಂದ ರಾತ್ರಿಗೆ ನಡೀತೈತಿ. ತೊಳದ ಎಲಿ ಅರಬಿ ಮ್ಯಾಲ ಹರವಿ ನೀರು ಆರಿಸಿ, ಹೆಚ್ಚಿ, ಒಣ ಡಬ್ಬಿಯಾಗ ಮುಚ್ಚಿಡ್ರಿ. ಒದ್ದೀನ ಇಟ್ರ ಲೋಳಿ ಬಂದು ಹುಳಿ ವಾಸನಿ ಹೊಡೀತೈತಿ. ಅರ್ಧಾ ಗಡ್ಡಿ ಉಳದಿದ್ರ ತೊಳಿಯಾಕ ಹೋಗಬ್ಯಾಡ್ರಿ, ಕೊಯ್ದ ಮುಖಕ್ಕ ಹಾಳಿ ಸುತ್ತಿ ಇಡ್ರಿ. ಬಳಸೋ ಮುಂದ ಒಣಗಿದ ಪದರ ತೆಳ್ಳಗ ಕೊಯ್ದು ಒಗದು, ಆಮ್ಯಾಲ ತೊಳೀರಿ.

ಹಾಸ್ಟೆಲ್ ಹುಕ್ಕೇರಿ

ಮ್ಯಾಲಿನ ಎಲಿ ಒಗೀರಿ ಅಂದ್ರಲ್ಲ, ನಮ್ಮೂರಾಗ ಅವನ್ನ ಆಕಳಿಗೆ ಹಾಕತಾರ. ಹಾಕಬೌದಾ?

ಕಡೋಲಿ ಹೊಲದಾಂವ

ನಿಮ್ಮ ಹೊಲದ್ದು, ಔಷಧ ಯಾವಾಗ ಹೊಡದ್ದು ಗೊತ್ತಿದ್ರ ಚೂರು ಚೂರು ಮೇವಿನಕೂಡೆ ಹಾಕ್ರಿ. ಸಂತಿಯಿಂದ ತಂದದ್ದಿದ್ರ ಬ್ಯಾಡ, ಔಷಧ ಬಹಳಷ್ಟು ಬೀಳೋದು ಆ ಎಲಿ ಮ್ಯಾಲೇ ಅಂತ ಈಗ ಹೇಳೀನಿ. ಬುಟ್ಟಿಗಟ್ಟಲೆ ಹಾಕಿದ್ರ ಹೊಟ್ಟಿ ಉಬ್ಬರಸತೈತಿ, ಹಾಲಿಗೂ ಕೋಬಿ ವಾಸನಿ ಬರತೈತಿ. ತಿಪ್ಪಿಗೆ ಹಾಕ್ರಿ, ಗೊಬ್ಬರ ಆಗತೈತಿ.